ಅಪ್ಪನ ಕಿವಿಗೊಂದು ಟಾಕೀಸು

ಲಕ್ಷ್ಮೇಶ್ವರದಲ್ಲಿ ಫಕ್ಕೀರೇಶ ಎಂಬ ಬಸ್ ಡ್ರೈವರ್ ಇದ್ದ. ಮನೆಯಲ್ಲಿ ಅವನು, ಹೆಂಡತಿ ಕಸ್ತೂರಿ ಮತ್ತು ಅಪ್ಪ ನೀಲಕಂಠಪ್ಪ.

ನೀಲಕಂಠಪ್ಪನಿಗೆ ಸಿನಿಮಾ ಎಂದರೆ ಪ್ರಾಣ. ಪ್ರಾಯದಲ್ಲಿ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ. ಹೊಸ ಪಿಕ್ಚರ್ ಬಂತೆಂದರೆ ಮೈಗೆ ಅಂಟಿದ ಹತ್ತಿಯನ್ನೂ ಕೊಡವಿಕೊಳ್ಳದೆ ಟಾಕೀಸಿಗೆ ಓಡುತ್ತಿದ್ದ. ಮರುದಿನ ಗಿರಣಿಯಲ್ಲಿ ಊಟದ ಹೊತ್ತಿಗೆ ಇಡೀ ಕತೆಯನ್ನು ಮಾತುಮಾತಿಗೂ ಅಭಿನಯಿಸಿ ತೋರಿಸುತ್ತಿದ್ದ. ಟಿಕೆಟ್ಟಿಗೆ ಕಾಸಿಲ್ಲದವರು ನೀಲಕಂಠಪ್ಪನ ಬಾಯಲ್ಲೇ ಪಿಕ್ಚರ್ ನೋಡುತ್ತಿದ್ದರು.

ಮುಪ್ಪಿನಲ್ಲಿ ಅವನ ಕಣ್ಣು ಹೋದವು. ಕಣ್ಣಿನ ನರ ಒಣಗಿದೆ, ಇನ್ನು ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಅದೇ ಕಾಲಕ್ಕೆ ಊರಿನ ಟಾಕೀಸೂ ಮುಚ್ಚಿ ಕಲ್ಯಾಣಮಂಟಪವಾಯಿತು.

ಆದರೂ ಮುದುಕ ಸೋಲಲಿಲ್ಲ. ಟಿವಿಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದ. ಕೇಳಿದ ಮಾತಿಗೆ ತಾನೇ ಮುಖ ಕಟ್ಟುತ್ತಿದ್ದ, ಕೇಳಿದ ಹೆಜ್ಜೆಗೆ ತಾನೇ ಓಣಿ ಕಟ್ಟುತ್ತಿದ್ದ. ಆದರೆ ಮನೆಯ ಟಿವಿ ತೆಳ್ಳಗಿನದು. ಅದರ ಸ್ಪೀಕರ್ ಬೆನ್ನಿಗಿತ್ತು. ಆಡಿದ ಮಾತು ಗೋಡೆಗೆ ಬಡಿದು, ತಗಡಿನ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಕಣ್ಣಿದ್ದವರಿಗೆ ಅದು ನಡೆಯುತ್ತದೆ, ತುಟಿ ನೋಡಿಯಾದರೂ ಅರ್ಥ ಮಾಡಿಕೊಳ್ಳುತ್ತಾರೆ. ಕಿವಿಯೊಂದನ್ನೇ ನಂಬಿದವನು ಏನು ಮಾಡಬೇಕು?

"ಏನಂದಾ ಅವಾ? ಯಾರು ಬಂದ್ರೀಗ?" ಎಂದು ಮುದುಕ ಕೇಳುತ್ತಿದ್ದ. ಕಸ್ತೂರಿ ಹೇಳುತ್ತಿದ್ದಳು. ಅವಳು ಹೇಳಿ ಮುಗಿಸುವುದರೊಳಗೆ ಮುಂದಿನ ಮಾತು ತಪ್ಪಿಹೋಗುತ್ತಿತ್ತು.

ಒಂದು ದಿನ ಅವನು ಸುಸ್ತಾಗಿ ಕೈ ಎತ್ತಿ ಮಗನಿಗೆ ಹೇಳಿದ.

"ಬಂದ್ ಮಾಡು ತಮ್ಮಾ. ಇದು ಇನ್ನ ನನಗಲ್ಲ."

ಅಂದಿನಿಂದ ಮುದುಕ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ಅಪ್ಪನ ಬೆನ್ನು ನೋಡುತ್ತ ಫಕ್ಕೀರೇಶ ಮನಸ್ಸಿನಲ್ಲೇ ಅಂದುಕೊಂಡ: ಟಾಕೀಸು ಮುಚ್ಚಿದರೇನಾಯಿತು, ಅದನ್ನು ನಾನು ಮನೆಗೇ ತರುತ್ತೇನೆ.

ತರಬೇಕು ಸರಿ, ಹೇಗೆ? ಡ್ರೈವರನ ಸಂಬಳ. ಮನೆ ನಡೆದು, ಅಪ್ಪನ ಔಷಧಿ ಬಂದು, ಉಳಿಯುವುದು ಅಷ್ಟಕ್ಕಷ್ಟೆ.

ಅಷ್ಟರಲ್ಲಿ ಎದುರುಮನೆಯ ಸುಭಾಸ ದೊಡ್ಡದೊಂದು ಹೋಮ್ ಥಿಯೇಟರ್ ತಂದ. ಅವನದು ಮೊಬೈಲ್ ಅಂಗಡಿ. ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬಂತು. ಮುಂದೆ ಸ್ಪೀಕರ್, ಹಿಂದೆ ಸ್ಪೀಕರ್, ಮೂಲೆಯಲ್ಲಿ ಗುಡುಗಲಿಕ್ಕೆಂದೇ ಒಂದು ದಪ್ಪ ಡಬ್ಬ. ಭಾನುವಾರ ಮಧ್ಯಾಹ್ನ ಓಣಿಯವರನ್ನೆಲ್ಲ ಕರೆದ. ಫಕ್ಕೀರೇಶ ಅಪ್ಪನ ಕೈ ಹಿಡಿದು ಕರೆದುಕೊಂಡು ಹೋದ.

ಹೊಡೆದಾಟದ ಪಿಕ್ಚರ್. ಕಿಟಕಿ ನಡುಗಿದವು. ಕಪಾಟಿನಲ್ಲಿದ್ದ ಲೋಟಗಳು ಜಣಗುಟ್ಟಿದವು. ಮಕ್ಕಳು ಕಿರುಚಿದರು, ದೊಡ್ಡವರು ತಲೆದೂಗಿದರು. ಫಕ್ಕೀರೇಶನಿಗೆ ಎದೆಯೊಳಗೇ ಯಾರೋ ಡೊಳ್ಳು ಬಾರಿಸಿದ ಹಾಗಾಯಿತು. ಇಂಥದ್ದು ನಮ್ಮ ಮನೆಯಲ್ಲೂ ಇದ್ದರೆ ಎಂದು ಆಸೆಯಾಯಿತು. ಆಸೆಯ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹೊರಗೆ ಬಂದ ಮೇಲೆ ಕೇಳಿದ: "ಹೆಂಗ ಅನ್ನಿಸ್ತಪ್ಪಾ?"

"ಗದ್ದಲ ಛಲೋ ಇತ್ತು" ಎಂದ ನೀಲಕಂಠಪ್ಪ. ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: "ಆದ್ರ ಯಾರು ಯಾರನ್ನ ಯಾಕ ಹೊಡದ್ರೋ, ಅದೊಂದು ತಿಳೀಲಿಲ್ಲ. ಮಾತೆಲ್ಲಾ ಗುಡುಗಿನ ಹೊಟ್ಟ್ಯಾಗ ಹೋದವು."

ಫಕ್ಕೀರೇಶ ಅಲ್ಲೇ ನಿಂತುಬಿಟ್ಟ. ಅಪ್ಪನಿಗೆ ಬೇಕಾದದ್ದು ಗುಡುಗಲ್ಲ, ಮಾತು. ಮಾತು ಸಿಕ್ಕರೆ ಉಳಿದದ್ದನ್ನು ಅವನೇ ಕಟ್ಟಿಕೊಳ್ಳುತ್ತಾನೆ.

ಮುಂದಿನ ವಾರದ ರಜೆಗೆ ಅವನು ಹುಬ್ಬಳ್ಳಿಯ ಸ್ಪೀಕರ್ ಅಂಗಡಿಯೊಂದಕ್ಕೆ ಹೋದ. ಅಂಗಡಿಯವಳ ಹೆಸರು ವಿಮಲಾ. ಬಾಯಿ ಚುರುಕು, ಮನಸ್ಸು ಒಳ್ಳೆಯದು. ಸುಭಾಸನದರಂಥದ್ದೇ ಒಂದು ಹೋಮ್ ಥಿಯೇಟರ್ ತೋರಿಸಿದಳು.

"ಈ ಪೆಟ್ಟಿಗಿ ಒಯ್ರಿ ಅಣ್ಣಾರ. ಎಲ್ಲಾ ಇದರಾಗ ಐತಿ. ಕಂತಿನ ಮ್ಯಾಲೆ ಕೊಡ್ತೀನಿ. ಇವತ್ತ ಸಂಜಿಗೇ ನಿಮ್ಮನಿ ಟಾಕೀಸ್ ಆಗ್ತದ."

"ಇದಕ್ಕ ಮುಂದ ಛಲೋ ಸ್ಪೀಕರ್ ಹಾಕ್ಬೇಕಂದ್ರ ಬರ್ತದೇನ್ರಿ?"

"ಬರೂದಿಲ್ರಿ. ಅದರದು ಅದಕ್ಕ."

"ಒಂದು ಕೆಟ್ರ?"

ವಿಮಲಾ ಸುಳ್ಳು ಹೇಳಲಿಲ್ಲ. "ಒಂದು ಕೆಟ್ರ ಎಲ್ಲಾ ಸುಮ್ನಾದಂಗ."

ಫಕ್ಕೀರೇಶ ಪಕ್ಕದ ಕಪಾಟಿನತ್ತ ಬೆರಳು ತೋರಿಸಿದ. ಅಲ್ಲಿ ಒಂದು ರಿಸೀವರ್ ಇತ್ತು. ಟಿವಿಯ ಸದ್ದನ್ನು ಒಳಗೆ ತೆಗೆದುಕೊಂಡು ಸ್ಪೀಕರುಗಳಿಗೆ ಹಂಚುವ ಯಂತ್ರ. ಹಿಂದುಗಡೆ ಹಲವು ಸ್ಪೀಕರುಗಳಿಗೆ ಜಾಗವಿತ್ತು. ಅವನ ಕೈಯಲ್ಲಿದ್ದ ದುಡ್ಡಿಗೆ ಅದು ಮತ್ತು ಎರಡೇ ಎರಡು ಒಳ್ಳೆಯ ಸ್ಪೀಕರುಗಳು ಬರುತ್ತಿದ್ದವು. ಅವನ್ನೇ ಕಟ್ಟಿಸಿಕೊಂಡು ಬಂದ.

ಓಣಿಯವರು ನೋಡಲು ಬಂದರು. ಸುಭಾಸ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನಕ್ಕ.

"ಏನ್ ಫಕ್ಕೀರಣ್ಣ, ಇಷ್ಟು ತೂತು ಖಾಲಿ ಬಿಟ್ಟಿ? ಇರುವಿ ಗೂಡು ಕಟ್ಟಲಿ ಅಂತೇನು?"

ಎಲ್ಲರೂ ನಕ್ಕರು. ಕಸ್ತೂರಿಯ ಮುಖ ಚಿಕ್ಕದಾಯಿತು. ಫಕ್ಕೀರೇಶನೂ ನಕ್ಕ.

"ಅವು ಮುಂದ ಬರೂವ್ರ ಸೀಟು ಸುಭಾಸ. ರಿಜರ್ವ್ ಆಗ್ಯಾವು."

ಎರಡು ಸ್ಪೀಕರುಗಳಿಂದಲೇ ಬಹಳ ಬದಲಾಯಿತು. ಮಾತಿಗೆ ಮೈ ಬಂತು. ಆದರೂ ಏನೋ ಕಲಸಿದಂತೆ, ಬಾವಿಯಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ಫಕ್ಕೀರೇಶ ಸ್ಪೀಕರುಗಳನ್ನು ಅತ್ತ ಇತ್ತ ಜರುಗಿಸಿ ನೋಡಿದ. ಸರಿಹೋಗಲಿಲ್ಲ. ಉತ್ತರ ಸಿಕ್ಕಿದ್ದು ಕಸ್ತೂರಿಗೆ. ಜಿಟಿಜಿಟಿ ಮಳೆ ಹಿಡಿದಿದ್ದ ದಿನ ಅವಳು ಹಳೆಬಟ್ಟೆಯ ದಪ್ಪ ಕೌದಿಗಳನ್ನು ಒಗೆದು ಪಡಸಾಲೆಯಲ್ಲೇ ಹಗ್ಗ ಕಟ್ಟಿ ಒಣಗಹಾಕಿದ್ದಳು. ಆ ದಿನ ಟಿವಿಯ ಮಾತು ತಿಳಿಯಾಗಿತ್ತು. ಮಳೆ ನಿಂತು ಕೌದಿ ತೆಗೆದಳು. ಮಾತು ಮತ್ತೆ ಬಾವಿಗಿಳಿಯಿತು.

"ರೀ, ಇಲ್ಲಿ ಕೇಳ್ರಿ. ಬರಿ ಗ್ವಾಡಿಗೆ ಬಡದು ಸದ್ದು ವಾಪಸ್ ಬರಾಕ್ಹತ್ತೈತಿ. ಮಾತಿನ ಮ್ಯಾಲೆ ಮಾತು ಬೀಳ್ತೈತಿ."

ತವರಿನಿಂದ ತಂದ ಎರಡು ಹಳೆಯ ಕೌದಿಗಳನ್ನು ಅವಳು ಗೋಡೆಗೆ ತೂಗುಹಾಕಿದಳು. ನೆಲಕ್ಕೆ ಜಮಖಾನೆ ಹಾಸಿದಳು. ಖರ್ಚು ನಾಲ್ಕು ಮೊಳೆ. ಅಂಗಡಿಯಲ್ಲಿ ಸಿಗದ ಸುಧಾರಣೆ ಅದು. ಆ ಸಂಜೆ ನೀಲಕಂಠಪ್ಪ ಗೋಡೆಯ ಕಡೆಯಿಂದ ಮಗ್ಗುಲು ಬದಲಿಸಿದ. ಮಲಗಿದ್ದಲ್ಲಿಂದಲೇ ಒಂದು ಇಡೀ ಪಿಕ್ಚರ್ ಕೇಳಿದ.

ಆದರೆ ಒಂದು ಕೊರತೆ ಉಳಿಯಿತು. ಮುದುಕನ ಹೊರಸು ಪಡಸಾಲೆಯ ಒಂದು ಮಗ್ಗುಲಿಗಿತ್ತು. ಅವನ ಕಿವಿಗೆ ಆ ಕಡೆಯ ಸ್ಪೀಕರೇ ಜೋರಾಗಿ ಕೇಳುತ್ತಿತ್ತು. ಹಾಡು, ವಾದ್ಯ, ಮಾತು ಎಲ್ಲವೂ ಒಂದೇ ಬಾಗಿಲಿನಿಂದ ನುಗ್ಗಿದಂತಾಗಿ, ಸಣ್ಣ ದನಿಯ ಮಾತು ಸಿಗುತ್ತಿರಲಿಲ್ಲ. ಪಿಸುಮಾತು ಬಂದಾಗೆಲ್ಲ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಬಾಯಿ ಬಿಟ್ಟು ಮಾತ್ರ ಏನೂ ಹೇಳುತ್ತಿರಲಿಲ್ಲ. ಮಗ ಪಟ್ಟ ಪಾಡು ಅವನಿಗೆ ಗೊತ್ತಿತ್ತು.

ದೀಪಾವಳಿಗೆ ಬೋನಸ್ ಬಂತು. ಫಕ್ಕೀರೇಶ ಮತ್ತೆ ಹುಬ್ಬಳ್ಳಿಯ ಅಂಗಡಿಗೆ ಹೋದ. ಒಳಗೆ ಕಾಲಿಡುತ್ತಲೇ ಅವನ ಕಣ್ಣಿಗೆ ಬಿದ್ದದ್ದು ಒಂದು ಸಬ್‌ವೂಫರ್. ಗುಡುಗಿನ ಡಬ್ಬ. ಸುಭಾಸನದಕ್ಕಿಂತ ದೊಡ್ಡದು. ಹಬ್ಬದ ರಿಯಾಯಿತಿ ಬೇರೆ.

"ಒಂದ ಉಳದೈತಿ ನೋಡ್ರಿ" ಎನ್ನುತ್ತ ವಿಮಲಾ ಅದನ್ನು ಹಚ್ಚಿ ತೋರಿಸಿದಳು.

ಅಂಗಡಿಯ ನೆಲ ಅದುರಿತು. ಫಕ್ಕೀರೇಶನ ಅಂಗಾಲಿನಿಂದ ನೆತ್ತಿಯವರೆಗೆ ಜುಮ್ಮೆಂದಿತು. ಓಣಿಯವರೆಲ್ಲ ತನ್ನ ಮನೆ ಬಾಗಿಲಲ್ಲಿ ನೆರೆದಂತೆ, ಸುಭಾಸ ಬಾಯಿ ಮುಚ್ಚಿ ನಿಂತಂತೆ ಕಣ್ಣಿಗೆ ಕಟ್ಟಿತು. ಕೈ ತಾನಾಗಿ ಡಬ್ಬದ ಮೇಲೆ ಹೋಯಿತು.

ಆ ಅದುರಾಟದಲ್ಲೇ ಅವನಿಗೆ ಅಪ್ಪನ ಗಂಟಿಕ್ಕಿದ ಹುಬ್ಬು ನೆನಪಾಯಿತು.

ನಾನು ಯಾರಿಗಾಗಿ ಇದನ್ನು ಕಟ್ಟಲು ಹೊರಟೆ ಎಂದು ತನ್ನನ್ನೇ ಕೇಳಿಕೊಂಡ. ಓಣಿಗಾಗಿಯೋ, ಹೊರಸಿಗಾಗಿಯೋ? ಗುಡುಗು ನನ್ನ ಆಸೆ, ಸುಳ್ಳಲ್ಲ. ಆಸೆಪಡುವುದು ತಪ್ಪೂ ಅಲ್ಲ. ಆದರೆ ಇವತ್ತು ಅದರ ಸರದಿಯಲ್ಲ.

ಅವನು ಕೈ ಹಿಂದಕ್ಕೆಳೆದುಕೊಂಡ.

"ವಿಮಲಕ್ಕಾರ, ಬರೇ ಮಾತು ಕೇಳಿಸೂ ಸ್ಪೀಕರ್ ಅಂತ ಇರ್ತದಲ್ರಿ, ನಟ್ಟನಡುವ ಇಡೂದು? ಅದರಾಗ ಛಲೋದು ತೋರಸ್ರಿ."

"ಇದು ಮತ್ತ ಈ ರೇಟಿಗೆ ಸಿಗೂದಿಲ್ರಿ."

"ಇದಲ್ಲದಿದ್ರ ಇನ್ನೊಂದು ಸಿಗ್ತದ. ನಮ್ಮಪ್ಪಗ ಮಾತು ಈಗ ಬೇಕು."

ಬಸ್ಸಿನಲ್ಲಿ ಊರಿಗೆ ಮರಳುವಾಗ ಅವನ ಮನಸ್ಸು ಒಂದೆರಡು ಸಲ ಆ ಅಂಗಡಿಯತ್ತ ಹೊರಳಿದ್ದು ನಿಜ. ಅರ್ಧ ದಾರಿ ಕಳೆಯುವ ಹೊತ್ತಿಗೆ ಹಗುರಾಯಿತು. ತೊಡೆಯ ಮೇಲಿದ್ದ ಉದ್ದನೆಯ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನೆಟ್ಟಗೆ ಕೂತ.

ಟಿವಿಯ ಕೆಳಗೆ ಅದನ್ನು ಇಟ್ಟು, ತಂತಿ ಸಿಕ್ಕಿಸಿ, ಮುಂದಿನ ಭಾನುವಾರ ಒಂದು ಕೌಟುಂಬಿಕ ಪಿಕ್ಚರ್ ಹಚ್ಚಿದರು. ಕತೆಯ ನಡುವೆ ಸೊಸೆಯೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆಯ ಬಗ್ಗೆ ಸಣ್ಣದಾಗಿ ಏನೋ ಗೊಣಗಿದಳು. ಚಹಾ ಸೋಸುತ್ತಿದ್ದ ಕಸ್ತೂರಿಗೆ ಅದು ಸಿಗಲಿಲ್ಲ. ಹೊರಸಿನ ಮೇಲೆ ನೀಲಕಂಠಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಮಾವಾರ, ಏನಂದ್ಲ್ರೀ ಅಕಿ?"

"ತಡಿಯವ್ವಾ, ಹೇಳ್ತೀನಿ!" ಎನ್ನುತ್ತ ಮುದುಕ ಎದ್ದು ಕೂತ. ಸೊಸೆಯ ದನಿ ತೆಗೆದು ಹೇಳಿದ, ಅತ್ತೆಯ ದನಿ ತೆಗೆದು ಉತ್ತರ ಕೊಟ್ಟ. ಕಣ್ಣಿದ್ದವರಿಗೆ ಕಣ್ಣಿಲ್ಲದವನು ಕತೆ ಹೇಳುತ್ತಿದ್ದ. ಫಕ್ಕೀರೇಶ ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದ.

ಆಮೇಲೆ ಅವನಿಗೆ ಅವಸರವಿರಲಿಲ್ಲ. ದಾರಿ ಗೊತ್ತಿದ್ದವನು ನಿಧಾನ ಹೋದರೂ ಊರು ಮುಟ್ಟುತ್ತಾನಲ್ಲವೇ? ಒಂದು ವರ್ಷ ಏನೂ ಕೊಳ್ಳಲಿಲ್ಲ, ಅಪ್ಪನಿಗೆ ಹರ್ನಿಯಾ ಆಪರೇಷನ್ ಇತ್ತು. ಅದು ಮುಗಿದು, ಕೈ ಸ್ವಲ್ಪ ಸಡಿಲಾದ ಮೇಲೆ ಸಬ್‌ವೂಫರ್ ಬಂತು. ಅಂಗಡಿಯಲ್ಲಿ ಕಂಡಿದ್ದಕ್ಕಿಂತ ಚಿಕ್ಕದು, ಪಡಸಾಲೆಗೆ ಸರಿಯಾದದ್ದು.

ಅಷ್ಟು ಹೊತ್ತಿಗೆ ಸುಭಾಸನ ಪೆಟ್ಟಿಗೆ ಬಾಯಿ ಮುಚ್ಚಿತ್ತು. ಒಳಗೆ ಒಂದು ಭಾಗ ಸುಟ್ಟಿತ್ತು. ಆ ಭಾಗ ಬಿಡಿಯಾಗಿ ಸಿಗಲಿಲ್ಲ. ಕಂತು ಮಾತ್ರ ಇನ್ನೂ ನಡೆಯುತ್ತಿತ್ತು. ಒಂದು ಸಂಜೆ ಅವನು ಫಕ್ಕೀರೇಶನ ಮನೆಗೆ ಬಂದು ಕೌದಿಯ ಗೋಡೆಗೆ ಒರಗಿ ಕೂತ.

"ಫಕ್ಕೀರಣ್ಣ, ನಾನೂ ಮದಲಿಂದ ಶುರು ಮಾಡ್ಬೇಕು. ಯಾವುದು ತರ್ಲಿ?"

ಫಕ್ಕೀರೇಶ ಅವನನ್ನು ಹಂಗಿಸಲಿಲ್ಲ. "ಅದನ್ನ ನಾ ಹೆಂಗ ಹೇಳ್ಲಿ? ನಿಮ್ಮನ್ಯಾಗ ಕೂತು ಕೇಳೂವ್ರಿಗೆ ಏನ್ ಕಡಿಮಿ ಬಿದ್ದೈತಿ, ಅವ್ರನ್ನ ಕೇಳು. ಅದನ್ನ ಮದಲ ತಾ. ಉಳದದ್ದಕ್ಕ ಜಾಗ ಬಿಟ್ಟಿರು, ಸಾಕು."

"ನಮ್ಮವ್ವ ಸದ್ದು ಕಡಿಮಿ ಮಾಡು ಅಂತಾಳ" ಎಂದ ಸುಭಾಸ.

"ಹಂಗಾದ್ರ ನಿಂದು ಅಗದೀ ಸಸ್ತಾ ಆತಲ್ಲೋ!"

ಇಬ್ಬರೂ ನಕ್ಕರು. ಹೊರಸಿನ ಮೇಲಿಂದ ನೀಲಕಂಠಪ್ಪನೂ ನಕ್ಕ.

ಕೊನೆಗೆ ಬಂದವು ಹಿಂಬದಿಯ ಸ್ಪೀಕರುಗಳು. ಫಕ್ಕೀರೇಶ ಅವನ್ನು ಅಪ್ಪನ ಹೊರಸಿನ ಹಿಂದೆ, ಗೋಡೆಯ ಮೇಲ್ಭಾಗದಲ್ಲಿ ಕೂರಿಸಿದ. ಅಪ್ಪನಿಗೆ ಹೇಳಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಲು ರಣಗುಡುತ್ತಿತ್ತು. ಮಾಳಿಗೆಯ ಮೇಲೆ ಕಸ್ತೂರಿ ವರ್ಷಕ್ಕಾಗುವಷ್ಟು ಶಾವಿಗೆ, ಹಪ್ಪಳ, ಸಂಡಿಗೆ ಒಣಗಹಾಕಿ ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಪಿಕ್ಚರ್ ನಡೆದಿತ್ತು. ಮಾತಿಲ್ಲದ ಒಂದು ದೃಶ್ಯ ಬಂತು. ಮೊದಲು ದೂರದಲ್ಲೆಲ್ಲೋ ಗುಡುಗು ಹೊರಳಿತು. ಆಮೇಲೆ ಹೊರಸಿನ ಹಿಂದೆ, ತಲೆಯ ಮೇಲೆ, ಎಡಕ್ಕೆ, ಬಲಕ್ಕೆ, ತಗಡಿನ ಮೇಲೆ ಹನಿ ಬಿದ್ದಂತೆ ಪಟಪಟ ಸದ್ದು ಶುರುವಾಯಿತು.

ನೀಲಕಂಠಪ್ಪ ದಿಗ್ಗನೆ ಎದ್ದು ಕೂತ. ಅಂಗೈ ಚಾಚಿದ. ಆಮೇಲೆ ಗಿರಣಿಯ ಕಾಲದ ದನಿಯಲ್ಲಿ ಕೂಗಿದ:

"ಯವ್ವಾ ಕಸ್ತೂರಿ! ಮಳಿ ಬಂತು! ಮಾಳಗಿ ಮ್ಯಾಲಿನ ಸಂಡಿಗಿ ತಗಿ, ಓಡು!"

ಕಸ್ತೂರಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲೇರಿ ಓಡಿದಳು. ಫಕ್ಕೀರೇಶ ತಡೆಯಲು ಬಾಯಿ ತೆರೆದ. ನಗು ಬಂದು ಮಾತು ಹೊರಡಲಿಲ್ಲ. ಮೇಲಿನಿಂದ ಅವಳ ದನಿ ಕೇಳಿಸಿತು:

"ರೀ, ಎಲ್ಲೈತ್ರಿ ಮಳಿ? ಇಲ್ಲಿ ಕಾಲು ಸುಡಾಕ್ಹತ್ತ್ಯಾವು!"

ಮುದುಕನ ಅಂಗೈ ಇನ್ನೂ ಚಾಚಿಯೇ ಇತ್ತು. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಸುತ್ತ ಮಳೆ ಧೋ ಎಂದು ಸುರಿಯುತ್ತಲೇ ಇತ್ತು. ಅವನಿಗೆ ತಿಳಿಯಿತು. ಕೈಯನ್ನು ನಿಧಾನ ಮಡಿಲಿಗೆ ತಂದುಕೊಂಡು, ಸದ್ದು ಬರುವ ಕಡೆಗೆಲ್ಲ ಮುಖ ತಿರುಗಿಸುತ್ತ ಹೋದ.

"ತಮ್ಮಾ, ಸಂಡಿಗಿ ಅಲ್ಲೇ ಇರಲಿ ಅನ್ನು. ಈ ಮಳಿ ನಿಲ್ಲೂತನಾ ಯಾರೂ ಮಾತಾಡಬ್ಯಾಡ್ರಿ."

ನೀತಿ: ಕೈಯಲ್ಲಿರುವುದು ಕಡಿಮೆ ಎಂದು ಕನಸನ್ನು ಚಿಕ್ಕದು ಮಾಡಿಕೊಳ್ಳಬೇಕಾಗಿಲ್ಲ, ಅದನ್ನು ಸರದಿಯಲ್ಲಿ ನಿಲ್ಲಿಸಿದರೆ ಸಾಕು. ಯಾರಿಗಾಗಿ ಕಟ್ಟುತ್ತಿದ್ದೇವೋ ಅವರ ಕೊರತೆಯನ್ನು ಮೊದಲು ತುಂಬಿ, ಉಳಿದದ್ದಕ್ಕೆ ಜಾಗ ಬಿಟ್ಟು ಕಾಯುವವನು ತಡವಾದರೂ ಪೂರ್ತಿಯಾದದ್ದನ್ನೇ ಪಡೆಯುತ್ತಾನೆ.