ರಾತ್ರಿ ದುರ್ಬೀನು ಮತ್ತು ಹೊಲದ ನಾಯಿ

ಹಂದಿ ಕಾಟ ತಾಳದೆ ಮುದ್ದಪ್ಪ ಮೈಶಾಖವನ್ನು ಬೆಳಕಾಗಿ ತೋರಿಸುವ ಅಗ್ಗದ ರಾತ್ರಿ ದುರ್ಬೀನು ತಂದು ಬಂದೂಕಿಗೆ ಕಟ್ಟಿದ. ಕತ್ತಲಾದ ಮೇಲೆ ಅದು ಪಿಸುಗುಟ್ಟಿತು: “ಜೋಳದ ಸಾಲಲ್ಲಿ ಹಂದಿ ಬಗ್ಗಿದೆ, ಹೊಡಿ!”

ಮುದ್ದಪ್ಪನ ಬೆರಳು ಟ್ರಿಗರ್ ಮೇಲೆ ಬಂತು.

“ತಡಿ! ಹಂದಿಯಾಗಿದ್ದರೆ ನಾನು ಬೊಗಳುತ್ತಿರಲಿಲ್ಲವೇ?” ಎಂದಿತು ಪಕ್ಕದಲ್ಲಿದ್ದ ನಾಯಿ.

“ಈ ಕತ್ತಲಲ್ಲಿ ನಿನಗೇನು ಕಾಣುತ್ತದೆ?” ಎಂದಿತು ದುರ್ಬೀನು.

“ಏನೂ ಇಲ್ಲ. ಆದರೆ ಗಾಳಿಯಲ್ಲಿ ನಮ್ಮ ಮನೆಯ ವಾಸನೆ ಇದೆ.”

“ನನಗೆ ಕಾಣುತ್ತಿದೆಯಲ್ಲ! ಹೊಡಿ!”

ನಾಯಿ ನೆಗೆದು ಓಡಿತು. ದುರ್ಬೀನಿನಲ್ಲಿ ಈಗ ಎರಡು ಬೆಳಕಿನ ಮುದ್ದೆಗಳು. ದೊಡ್ಡದು ಕೈ ಚಾಚಿ ಚಿಕ್ಕದರ ತಲೆ ಸವರಿತು.

“ಅಣ್ಣಾ, ಕರೆಂಟ್ ಬಂತು. ನಾನು ನೀರು ಹಾಯಿಸ್ತೀನಿ, ನೀನು ಮಲಗು,” ಎಂದು ಜೋಳದೊಳಗಿಂದ ತಮ್ಮ ಕೂಗಿದ.

ಬಂದೂಕು ಕೆಳಗಿಟ್ಟ ಮೇಲೂ ಮುದ್ದಪ್ಪನ ಆ ಬೆರಳು ಬಹಳ ಹೊತ್ತು ನೆಟ್ಟಗಾಗಲಿಲ್ಲ.