ಎಡಗೈ ಹೆಬ್ಬೆರಳಿನ ಗುರುತು

ಕಥೆ ಹೇಳಿ ನನಗೆ ರೂಢಿಯಿಲ್ಲ. ಬೇಡದ ಕಡೆ ವಿವರಿಸುತ್ತೇನೆ, ಬೇಕಾದ ಕಡೆ ಮರೆಯುತ್ತೇನೆ. ಕ್ಷಮಿಸಿ.

ಇಂಗ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ಮರುಳಾರ್ಯರೆಂಬ ಗುರುಗಳ ಆಶ್ರಮವಿತ್ತು. ಆಶ್ರಮ ಅಂದರೆ ಒಂದು ಕಲ್ಲಿನ ಮನೆ, ಅಷ್ಟೇ. ಅಲ್ಲಿಗೆ ಅಡವೀಶನೆಂಬ ಶಿಷ್ಯ ಬಂದು ಸೇರಿದ. ಗುರುಗಳದು ಮಾತು ಕಡಿಮೆ. ಸುತ್ತ ಬರೀ ಕುರಿಗಳು.

“ಇಲ್ಲಿ ರೋಮನ್ನರ ಕೋಟೆ ಇದೆ ಅಂದಿರಿ. ಎಲ್ಲಿದೆ ಗುರುಗಳೇ?”

“ಅದರ ಮೇಲೇ ಕೂತಿದ್ದೀಯಲ್ಲೋ.”

ಕೋಟೆಯೆಲ್ಲ ಹುಲ್ಲಿನಡಿ ಹೂತುಹೋಗಿತ್ತು. ಕಾಣುತ್ತಿದ್ದದ್ದು ದಿಬ್ಬ, ಕಂದಕ ಮಾತ್ರ. ಅದು ಸಂರಕ್ಷಿತ ಜಾಗ. ಅಂದರೆ ಅಲ್ಲಿ ಗುದ್ದಲಿ ಹಾಕುವಂತಿಲ್ಲ, ಏನನ್ನೂ ಒಯ್ಯುವಂತಿಲ್ಲ. ಅಗೆಯುವುದು ಮೋಲ್ ಎಂಬ ಪ್ರಾಣಿಯೊಂದೇ. ಮೋಲ್ ಇಲಿಯಂತೆ ಕಾಣುತ್ತದೆ, ಇಲಿಯಲ್ಲ; ನೆಲದೊಳಗೇ ಬದುಕಿ, ಮಣ್ಣನ್ನು ಮೇಲೆ ಗುಡ್ಡೆ ಹಾಕುತ್ತದೆ. ಅದಕ್ಕೆ ಕಾನೂನು ಗೊತ್ತಿಲ್ಲ.

ಒಂದು ಸಂಜೆ ಅಂಥ ಗುಡ್ಡೆಯಲ್ಲಿ ಅಡವೀಶನಿಗೆ ಗಡಿಗೆಯ ಚೂರೊಂದು ಸಿಕ್ಕಿತು. ಮಣ್ಣು ಹಸಿಯಿದ್ದಾಗ ಯಾರೋ ಒತ್ತಿದ ಹೆಬ್ಬೆರಳಿನ ಗುರುತು ಅದರ ಮೇಲಿತ್ತು. ಒತ್ತಿದವನು ಸತ್ತು ಸಾವಿರಕ್ಕೂ ಹೆಚ್ಚು ವರ್ಷವಾಗಿತ್ತು.

ಅಡವೀಶ ತನ್ನ ಬೆರಳಿಟ್ಟ. ಸರಿಯಾಗಿ ಕೂತಿತು.

ಊರು ಬಿಟ್ಟಮೇಲೆ ಅವನನ್ನು ಯಾರೂ ಮುಟ್ಟಿರಲಿಲ್ಲ. ಚೂರನ್ನು ಜೇಬಿಗೆ ಹಾಕಿಕೊಂಡ.

ಗುರುಗಳು ಗಂಜಿ ಬಡಿಸುತ್ತ ಕೇಳಿದರು: “ಕೈ ಜೇಬಿಂದ ಹೊರಗೇ ಬರ್ತಿಲ್ಲ. ಗಂಜಿ ನಾನೇ ಕುಡಿಸಲಾ?”

ಅಡವೀಶ ತಲೆ ತಗ್ಗಿಸಿದ. “ತಪ್ಪಾಯ್ತು ಗುರುಗಳೇ. ಕೋಟೆಯಿಂದ ಒಂದು ಚೂರು ತಂದೆ. ಕಾನೂನು ಗೊತ್ತು. ಆದರೆ ಇದನ್ನು ಬಿಟ್ಟರೆ ಇಲ್ಲಿ ನನಗೆ ಯಾರೂ ಇಲ್ಲ. ಕಿತ್ತುಕೊಂಡರೆ ನಾಳೆಯೇ ಊರಿಗೆ ಹೊರಟುಬಿಡ್ತೀನಿ.”

ಗುರುಗಳು ಕೈ ಚಾಚಲಿಲ್ಲ. ಚೂರನ್ನು ತೋರಿಸು ಅಂತಲೂ ಅನ್ನಲಿಲ್ಲ.

“ಎಡಗೈ ಹೆಬ್ಬೆರಳು, ಅಲ್ವಾ? ಉಗುರಿನ ಗೆರೆಯೂ ಮೂಡಿದೆ.”

ಅಡವೀಶ ಬೆಚ್ಚಿದ. “ನಿಮಗೆ ಹೇಗೆ ಗೊತ್ತು?”

“ನಾನು ಬಂದ ಹೊಸದರಲ್ಲಿ ನನಗೂ ಸಿಕ್ಕಿತ್ತು. ಇಡೀ ಚಳಿಗಾಲ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಆಮೇಲೆ ಹೋಗಿ ಅದೇ ದಿಬ್ಬದಲ್ಲಿ ಹುಗಿದು ಬಂದೆ.”

“ಯಾಕೆ? ಕಾನೂನಿಗೆ ಹೆದರಿದಿರಾ?”

ಗುರುಗಳು ಗಂಜಿಯ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿದರು.

“ನಾನೇ ಇಟ್ಟುಕೊಂಡುಬಿಟ್ಟಿದ್ದರೆ, ಇವತ್ತು ನಿನ್ನ ಕೈ ಹಿಡಿಯೋರು ಯಾರಿರ್ತಿದ್ದರೋ?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದರೆ, ಗುರುಗಳು ಆ ಚೂರನ್ನು… ಇರಿ, ಒಳಗಿಂದ ನನ್ನನ್ನು ಕರೀತಿದ್ದಾರೆ. ಬಂದೆ!