ಮುಳ್ಳುಹಂದಿಯೂ ತುರುಂಡೆಯ ಹೆಸರೂ

ಮಕ್ಕಳೇ, ಬಿದಿರುಕಾಡಿನ ನಡುವೆ ಒಂದು ಕೆರೆ. ಅದರ ದಂಡೆಯ ಮಣ್ಣಿನಲ್ಲಿ ಒಂದು ಗೆಡ್ಡೆ ಬೆಳೆಯುತ್ತಿತ್ತು. ತಿಂದರೆ ಬೆಲ್ಲದ ರುಚಿ, ಹೊಟ್ಟೆ ತುಂಬಿದರೆ ಮೂರು ಹೊತ್ತು ಹಸಿವಿಲ್ಲ. ಆ ಗಟ್ಟಿ ಮಣ್ಣನ್ನು ಅಗೆಯುವ ಶಕ್ತಿ ಇದ್ದದ್ದು ಕಾಡುಹಂದಿ ಕೋರೆಯಜ್ಜನಿಗೆ ಮಾತ್ರ. ಅವನು ಅಗೆದು ರಾಶಿ ಹಾಕುತ್ತಿದ್ದ. ಗೆಡ್ಡೆಯ ಹೆಸರು ಹೇಳಿ ಕೇಳಿದವರಿಗೆ ಪಾಲು ಕೊಡುವುದು ಅಲ್ಲಿಯ ಪದ್ಧತಿ.

ಮುಳ್ಳುಹಂದಿ ಮೊನೆಯಪ್ಪ "ತುರುಂಡೆ" ಎಂದು ಕೇಳುತ್ತಿದ್ದ. ಕೋತಿಗಳು "ತುರ್ಡೆ" ಎನ್ನುತ್ತಿದ್ದವು, ಮೈನಾಗಳು "ಚುರುಂಡಿ" ಎನ್ನುತ್ತಿದ್ದವು. ಕಪ್ಪೆಗಳಂತೂ ಗಂಟಲು ಉಬ್ಬಿಸಿ "ಉರುಂಡ, ಉರುಂಡ" ಎನ್ನುತ್ತಿದ್ದವು. ಕೋರೆಯಜ್ಜ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುತ್ತಿದ್ದ.

ಮೊನೆಯಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. ತಿನ್ನುವವರು ತಿಂದುಕೊಂಡು ಹೋಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿದ್ದರೆ ಅವನು ಮೊನೆಯಪ್ಪ ಹೇಗಾದಾನು?

"ಒಳ್ಳೆಯ ಮಾತಿನ ಕೈಕಾಲು ಮುರಿಯುತ್ತಿದ್ದೀರಲ್ಲ! ಎಲ್ಲಿ ಕಲಿತಿರಿ ಇದನ್ನು?" ಎಂದು ಕೋತಿಗಳ ಮೇಲೆ ರೇಗಿದ.

"ಮೈನಾಗಳಿಂದ," ಎಂದವು ಕೋತಿಗಳು.

"ಕಪ್ಪೆಗಳಿಂದ," ಎಂದವು ಮೈನಾಗಳು.

"ನಿಮ್ಮ ಅಜ್ಜಿಯಿಂದಲೇ ಮಾರಾಯ," ಎಂದಿತು ಮುದಿಕಪ್ಪೆ. "ಬಿಲದ ಬಾಯಲ್ಲಿ ಕೂತು ಕೂಗೋಳು. ನಾವು ಕೇಳಿ ಕಲಿತೆವು."

ಮೊನೆಯಪ್ಪನ ಮುಳ್ಳುಗಳೆಲ್ಲ ಸಂತೋಷದಿಂದ ನಿಮಿರಿದವು. ಮರುದಿನವೇ ಎಲ್ಲರನ್ನೂ ಕೆರೆಯ ದಂಡೆಗೆ ಕರೆದ.

"ಈ ಮಾತು ನಮ್ಮ ಮನೆತನದ ಸ್ವತ್ತು. ನನ್ನ ಹಾಗೆ ನೆಟ್ಟಗೆ ಹೇಳಿದವರಿಗೆ ಮಾತ್ರ ಗೆಡ್ಡೆ ಕೊಡಬೇಕು," ಎಂದ.

ಕಪ್ಪೆಯ ಮರಿಯೊಂದು ಅಳತೊಡಗಿತು. ಪಾಪ, ಅದರ ನಾಲಿಗೆಗೆ 'ತು' ಬರುತ್ತಿರಲಿಲ್ಲ.

ಕೋರೆಯಜ್ಜ ಕೇಳಿದ, "ನಿಮ್ಮ ಅಜ್ಜಿಗೆ ಯಾರು ಹೇಳಿಕೊಟ್ಟರೋ?"

"ಯಾರೂ ಇಲ್ಲ! ಈ ಮಾತು ನಮ್ಮ ಬಿಲದಲ್ಲೇ ಹುಟ್ಟಿದ್ದು. ಅಲ್ಲ ಎಂದಾದರೆ, ಇನ್ನು ಮೇಲೆ 'ತುರುಂಡೆ' ಅಂತ ನನ್ನ ಬಾಯಲ್ಲಿ ಬಂದರೆ ನನ್ನ ಮುಳ್ಳೆಲ್ಲ ಉದುರಿಹೋಗಲಿ!"

ಆಣೆ ಹಾಕುವವರು ಸುತ್ತಮುತ್ತ ಒಮ್ಮೆ ನೋಡಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಹೆಗ್ಗಣದ ದುಂಡವ್ವ ಕೂತಿದ್ದಳು. ಮೊನೆಯಪ್ಪ ಅವಳನ್ನು ಒಂದು ದಿನವೂ ಮಾತನಾಡಿಸಿದವನಲ್ಲ.

"ಅಯ್ಯೋ ಮಗನೇ," ಎಂದಳು ದುಂಡವ್ವ, "ನಿಮ್ಮ ಅಜ್ಜಿ ಈ ಕಾಡಿಗೆ ಬಂದ ದಿನ ಹಸಿದು ನಮ್ಮ ಬಾಗಿಲಿಗೆ ಬಂದಿದ್ದಳು. ನಮ್ಮವ್ವ ಒಂದು ಗೆಡ್ಡೆ ಕೊಟ್ಟು 'ತೊರಂಡಿ' ಅಂತ ಹೆಸರು ಹೇಳಿಕೊಟ್ಟಳು. ನಿಮ್ಮ ಅಜ್ಜಿ ನಾಲಿಗೆ ತಿರುಗದೆ 'ತುರುಂಡೆ' ಅಂದಳು. ನಮ್ಮವ್ವನಿಗೂ ಅದನ್ನು ಹೇಳಿದ್ದು ಬೆಟ್ಟದಾಚೆಯ ಕೊಕ್ಕರೆ. ಕೊಕ್ಕರೆಗೆ ಯಾರು ಹೇಳಿದರೋ, ಯಾರಿಗೆ ಗೊತ್ತು!"

"ನಿಜ. ಆ ಗೆಡ್ಡೆ ಅಗೆದವನು ನಾನೇ," ಎಂದ ಕೋರೆಯಜ್ಜ.

ಮೊನೆಯಪ್ಪನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸೋತೆ ಎಂದು ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜಂಬ ಬಿಡಬೇಕಲ್ಲ! ಬಿಲಕ್ಕೆ ಹೋಗಿ ಗೆಡ್ಡೆಗೆ ತನ್ನದೇ ಒಂದು ಹೊಸ ಹೆಸರು ಕಟ್ಟಿದ. ಮರುದಿನ ರಾಶಿಯ ಮುಂದೆ ನಿಂತು, "ಒಂದು ಮೊನೆಗೆಡ್ಡೆ ಕೊಡಿ," ಎಂದ.

"ಅಂಥದ್ದು ನಮ್ಮ ಕೆರೆಯಲ್ಲಿ ಬೆಳೆಯೋದಿಲ್ಲಪ್ಪ," ಎಂದ ಕೋರೆಯಜ್ಜ. "ಮುಂದಿನವರು ಬನ್ನಿ."

ಎರಡನೆಯ ದಿನವೂ ಅದೇ ಮಾತು, ಮೂರನೆಯ ದಿನವೂ ಅದೇ. ಅಚ್ಚ ಶುದ್ಧವಾದ ಹೆಸರು, ಯಾರೂ ಮುರಿದಿರಲಿಲ್ಲ. ಮುರಿಯಲು ಅದನ್ನು ಆಡುವವರೇ ಇರಲಿಲ್ಲ. ಮೊನೆಯಪ್ಪನ ಹೊಟ್ಟೆ ಬೆನ್ನಿಗೆ ಹತ್ತಿತು.

ನಾಲ್ಕನೆಯ ದಿನ ಅವನು ರಾಶಿಯ ಮುಂದೆ ಬಹಳ ಹೊತ್ತು ನಿಂತ. ಹಳೆಯ ಹೆಸರು ಹೇಳಿದರೆ ಮುಳ್ಳು ಉದುರೀತು, ಹೇಳದಿದ್ದರೆ ಪ್ರಾಣ ಹೋದೀತು. ಕೊನೆಗೆ ತಲೆ ತಗ್ಗಿಸಿ, ಯಾರಿಗೂ ಕೇಳಿಸದ ಹಾಗೆ, "ಉರುಂಡ," ಎಂದ.

ಕಪ್ಪೆಯ ಮರಿ ನೀರಿನಿಂದ ತಲೆ ಎತ್ತಿ ಹೇಳಿತು, "ಹಾಗಲ್ಲ ಮಾವ! ಗಂಟಲು ಇನ್ನೂ ಸ್ವಲ್ಪ ಉಬ್ಬಿಸಿ ಹೇಳಬೇಕು."

ಮೊನೆಯಪ್ಪ ಗಂಟಲು ಉಬ್ಬಿಸಿದ.

ನೀತಿ: ಎಲ್ಲರೂ ಆಡುವ ಮಾತಿಗೆ ಬೇಲಿ ಹಾಕಲು ಹೋದವನು ತಾನೇ ಬೇಲಿಯ ಹೊರಗೆ ಉಳಿಯುತ್ತಾನೆ.